ಗವೀಪುರದಲ್ಲೇ ಬಾಡಿಗೆಗೆ ಇರೋದಾ, ಚಂದಾಪುರದ ಕಡೆ ಸ್ವಂತ ಮನೆ ಮಾಡೋದಾ?

ಗವೀಪುರದವಳು

ಎಲ್ಲರಿಗೂ ನಮಸ್ಕಾರ. ಮನೆ ವಿಷಯಕ್ಕೆ ಸಲಹೆ ಬೇಕಿತ್ತು, ಅನುಭವ ಇರೋರು ದಯವಿಟ್ಟು ಬರೀರಿ.

ಬೆಂಗಳೂರಿನ ಬಸವನಗುಡಿ ಪಕ್ಕದ ಗವೀಪುರದಲ್ಲಿ ಎರಡು ರೂಮಿನ ಬಾಡಿಗೆ ಮನೆ ನಮ್ಮದು. ಓನರ್ ಜಾಗವನ್ನ ಬಿಲ್ಡರ್‌ಗೆ ಕೊಡ್ತಾರಂತೆ, ಬೇಸಿಗೆ ರಜಕ್ಕೆ ಖಾಲಿ ಮಾಡ್ಕೊಡಿ ಅಂದಿದ್ದಾರೆ. ನಾನು ನ್ಯಾಷನಲ್ ಕಾಲೇಜ್ ಹತ್ತಿರದ ಶಾಲೇಲಿ ಟೀಚರ್. ಮಗಳು ಅಲ್ಲೇ ಐದನೇ ಕ್ಲಾಸು. ನಮ್ಮ ಯಜಮಾನರ ಕೆಲಸ ಬೊಮ್ಮಸಂದ್ರ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಅತ್ತೆ ನಮ್ಮ ಜೊತೆಗಿದ್ದಾರೆ, ಆಗಾಗ ಜಯದೇವ ಆಸ್ಪತ್ರೆಗೆ ಚೆಕಪ್‌ಗೆ ಕರ್ಕೊಂಡು ಹೋಗ್ಬೇಕು.

ಇದೇ ಏರಿಯಾದಲ್ಲಿ ಮತ್ತೆ ಬಾಡಿಗೆ ಹಿಡಿಯೋಣ ಅಂದ್ರೆ ಈಗ ಕೇಳ್ತಿರೋ ಅಡ್ವಾನ್ಸ್ ನೋಡಿ ಎದೆ ಝಲ್ ಅನ್ನುತ್ತೆ. ಅದೇ ದುಡ್ಡನ್ನ ಮುಂಗಡ ಕಟ್ಟಿದ್ರೆ ಬೊಮ್ಮಸಂದ್ರದ ಹತ್ತಿರದ ಚಂದಾಪುರದಲ್ಲಿ ಫ್ಲಾಟೇ ಆಗುತ್ತೆ ಅಂತ ಯಜಮಾನರು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗಿದೆ, ಆರ್.ವಿ. ರೋಡಿಂದ ಬೊಮ್ಮಸಂದ್ರಕ್ಕೆ ನೇರ ಮೆಟ್ರೋ, ಇನ್ನೇನು ಬೇಕು ಅಂತ ಅವರ ವಾದ. ನನಗೆ ಈ ಕಡೆಯ ಬದುಕು ಬಿಡೋಕೆ ಮನಸ್ಸಿಲ್ಲ. ಶಾಲೆ ಬಿಟ್ಟ ಮೇಲೆ ಗಾಂಧಿ ಬಜಾರಲ್ಲಿ ಹೂವು, ವೀಳ್ಯದೆಲೆ, ಹಿತಕಿದ ಬೇಳೆ ಎಲ್ಲ ತಗೊಂಡು ನಡ್ಕೊಂಡೇ ಮನೆಗೆ ಬರ್ತೀನಿ. ಅತ್ತೆಗೆ ಸಂಜೆ ದೇವಸ್ಥಾನ ಇದೆ, ಕೂತು ಮಾತಾಡೋಕೆ ಜನ ಇದ್ದಾರೆ. ಆ ಕಡೆ ಹೋಗಿ ಬಾಳ್ತಿರೋರು ಹೇಗಿದ್ದೀರಿ ಹೇಳಿ.

ಕೆಂಗೇರಿ ಕಡೆಯವ

ಮೇಡಂ, ನಾನು ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದು ಕೆಂಗೇರಿ ಉಪನಗರದಿಂದಾಚೆ ಮನೆ ಕಟ್ಟಿಸಿದೋನು. ನಿಮ್ಮ ಪ್ರಶ್ನೆ ನಮ್ಮನೇಲೂ ವರ್ಷಗಟ್ಟಲೆ ನಡೆದಿದೆ.

ಒಳ್ಳೇದು ಮೊದಲು ಹೇಳ್ತೀನಿ. 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಮೆಟ್ರೋ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಮುಂದುವರಿದು ಅತ್ತ ವೈಟ್‌ಫೀಲ್ಡ್‌ವರೆಗೂ ಒಂದೇ ಗಾಡಿ ಆಯ್ತು. ಮೈಸೂರು ರೋಡಲ್ಲಿ ನಾಯಂಡಹಳ್ಳಿ ದಾಟೋಕೆ ಪಟ್ಟ ಪಾಡು ನೆನೆಸ್ಕೊಂಡ್ರೆ ಇದು ದೊಡ್ಡ ಭಾಗ್ಯ. ಸೋಮವಾರ ನಸುಕಿನ 4.15ಕ್ಕೇ ರೈಲು ಬಿಡೋದ್ರಿಂದ ಊರಿಗೆ ಹೋಗಿ ಬಂದೋರಿಗೂ ಅನುಕೂಲ.

ಆದ್ರೆ ಬ್ರೋಕರ್ ಹೇಳದೇ ಇರೋ ದಾರಿ ಒಂದಿದೆ. ಸ್ಟೇಷನ್ನಿಂದ ಮನೆ ಬಾಗಿಲಿಗೆ ಇರೋ ಆ ಎರಡು ಕಿಲೋಮೀಟರ್. ನಾನು ಇಳಿಯೋದು ರಾತ್ರಿ ಒಂಬತ್ತೂವರೆ ಮೇಲೆ. ಹತ್ತಿರದ ದೂರ ಅಂದ್ರೆ ಆಟೋದವರು ತಲೆ ಎತ್ತಿ ನೋಡಲ್ಲ, ನೋಡಿದ್ರೂ ಡಬಲ್. ಆ ಹೊತ್ತಿಗೆ ಫೀಡರ್ ಬಸ್ಸು ಇರಲ್ಲ. ನಡೆಯೋಣ ಅಂದ್ರೆ ಸರ್ವಿಸ್ ರಸ್ತೆ ಮುಗಿದ ಕೂಡಲೇ ಬೀದಿದೀಪ ಮುಗೀತು. ಮೋರಿ ಮೇಲೆ ಮೂರು ಚಪ್ಪಡಿ ಗಟ್ಟಿ ಇದ್ರೆ ನಾಲ್ಕನೇದು ಇರಲ್ಲ, ಅಲ್ಲಿ ಯಾರೋ ಪುಣ್ಯಾತ್ಮರು ಗುರುತಿಗೆ ಅಂತ ಒಣಗಿದ ತೆಂಗಿನ ಗರಿ ಸಿಗಿಸಿಟ್ಟಿರ್ತಾರೆ. ಖಾಲಿ ಸೈಟುಗಳಲ್ಲಿ ನಾಯಿ ಹಿಂಡು. ಮಳೆ ಬಂದ್ರೆ ಒಂದು ಕೈಲಿ ಚಪ್ಪಲಿ, ಒಂದು ಕೈಲಿ ಮೊಬೈಲ್ ಟಾರ್ಚು. ನನ್ನ ಮಗಳು ಟ್ಯೂಷನ್ ಮುಗಿಸಿ ಬರೋ ದಿನ ಸ್ಕೂಟರ್ ತಗೊಂಡು ಸ್ಟೇಷನ್ ಮೆಟ್ಟಿಲ ಕೆಳಗೆ ನಿಂತಿರ್ತೀನಿ. ನಮ್ಮ ಬೀದಿಯ ಅರ್ಧ ಅಪ್ಪಂದಿರು ಅಲ್ಲೇ ಸಿಕ್ತಾರೆ.

ಮನೆ ನೋಡೋಕೆ ಭಾನುವಾರ ಬೆಳಿಗ್ಗೆ ಬ್ರೋಕರ್ ಕಾರಲ್ಲಿ ಹೋಗ್ಬೇಡಿ. ವಾರದ ದಿನ ಸಂಜೆ ಏಳೂವರೆಗೆ ಮೆಟ್ರೋದಲ್ಲಿ ಇಳಿದು, ಮಗಳ ಕೈ ಹಿಡ್ಕೊಂಡು ಆ ಮನೆವರೆಗೂ ನಡೆದು ನೋಡಿ. ಚದರಡಿ ಲೆಕ್ಕ ಆಮೇಲೆ.

ಸಂಪಿಗೆ ರಸ್ತೆ

ಗವೀಪುರದ ತಂಗಿಗೆ ಮಲ್ಲೇಶ್ವರದ ಹಿರಿಯನೊಬ್ಬನ ಮಾತು.

ಈಗ ನಾವೆಲ್ಲ ‘ಊರೊಳಗೆ’ ಅಂತೀವಲ್ಲ, ಆ ಬಸವನಗುಡಿ, ಮಲ್ಲೇಶ್ವರ ಎರಡೂ ಒಂದು ಕಾಲಕ್ಕೆ ಊರಾಚೆಯ ಬಡಾವಣೆಗಳೇ. 1898ರಲ್ಲಿ ಪ್ಲೇಗು ಬಂದು ಪೇಟೆಯ ಓಣಿಗಳಲ್ಲಿ ಜನ ಸಾಯೋಕೆ ಶುರುವಾದಾಗ, ಗಾಳಿ ಬೆಳಕು ಇರೋ ಅಗಲ ರಸ್ತೆಗಳ ಬಡಾವಣೆ ಬೇಕು ಅಂತ ಇವು ಬೆಳೆದವು. ನಮ್ಮ ತಾತನ ಕಾಲದವರು ಇಲ್ಲಿಗೆ ಬರೋಕೆ ಹೆದರ್ತಿದ್ರಂತೆ, ಪೇಟೆ ಬಿಟ್ಟು ಕಾಡಿಗೆ ಹೋದ ಹಾಗೆ ಅಂತ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಹಾಕಿದಾಗಲೂ ಹೊಲ ತೋಟದ ಮಧ್ಯೆ ಯಾರು ಹೋಗ್ತಾರೆ ಅಂದವರಿದ್ರು.

ಹಾಗಂತ ಇವತ್ತಿನ ಚಂದಾಪುರವೂ ನಾಳೆ ಬಸವನಗುಡಿ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಆಗ ಬಡಾವಣೆ ಅಂದ್ರೆ ಮಾರ್ಕೆಟ್ಟು, ಶಾಲೆ, ಪಾರ್ಕು, ದೇವಸ್ಥಾನ ಎಲ್ಲಕ್ಕೂ ಜಾಗ ಮೊದಲೇ ಗುರುತು ಮಾಡಿ, ಕಾಲ್ನಡಿಗೆಯಲ್ಲಿ ಸಿಗೋ ಹಾಗೆ ಕ್ರಾಸು, ಮೇನು ಹಾಕ್ತಿದ್ರು. ಅದಕ್ಕೇ ಈಗಲೂ ಎಂಟನೇ ಕ್ರಾಸಲ್ಲಿ ಸೊಪ್ಪು ತಗೊಂಡು, ಹಾಗೇ ಒಂದು ಕಾಫಿ ಕುಡ್ಕೊಂಡು ಮನೆಗೆ ಬರೋಕೆ ಗಾಡಿ ಬೇಡ. ಈಗ ಹೊಲ ಕೊಂಡು ಸೈಟು ಹಂಚೋರು ನಲವತ್ತು ಅಡಿ ರಸ್ತೆ, ಕಮಾನು ಹಾಕಿ ಕೈ ತೊಳ್ಕೊಳ್ತಾರೆ. ಫುಟ್‌ಪಾತ್ ಇಲ್ಲ, ಸಂತೆ ಕೂರೋಕೆ ಜಾಗ ಇಲ್ಲ. ಕೊತ್ತಂಬರಿ ಸೊಪ್ಪಿಗೂ ಸ್ಕೂಟರ್ ತೆಗೀಬೇಕು. ಈ ವಿಷಯಕ್ಕೆ ನನಗೆ ನಿಜವಾಗಲೂ ಹೊಟ್ಟೆ ಉರಿಯುತ್ತೆ.

ನೀವು ಬಿಟ್ಟು ಹೋಗೋಕೆ ಹಿಂಜರೀತಿರೋದು ಇದನ್ನೇ. ಅದು ಬರೀ ಹಳೇ ವ್ಯಾಮೋಹ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ.

ಪೀಣ್ಯ ಶಿಫ್ಟ್

ಅಣ್ಣಾವ್ರು ಮಲ್ಲೇಶ್ವರದ ಬಗ್ಗೆ ಹೇಳಿದ್ದೆಲ್ಲ ಸರಿ. ಅಲ್ಲಿ ಬಾಡಿಗೆ ಕಟ್ಟೋ ಶಕ್ತಿ ಎಷ್ಟು ಜನಕ್ಕಿದೆ?

ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತೀನಿ. ಮನೆ ಮಾದಾವರದ ಆಚೆ, ಶೀಟಿನ ಮನೆ. 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರಕ್ಕೆ ಮೆಟ್ರೋ ಬಂತು. ತಲೆ ಮೇಲೆ ರೈಲು ಓಡುತ್ತೆ, ನಾನು ಕೆಳಗೆ ಬಸ್ ಸ್ಟಾಪಲ್ಲಿ ನಿಂತಿರ್ತೀನಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮೆಟ್ರೋ ದರ 2025ರ ಫೆಬ್ರವರಿಯಲ್ಲಿ ಏರಿತು, ದೂರದ್ದು 60 ಇದ್ದದ್ದು 90 ಆಯ್ತು. ಸಂಬಳದಲ್ಲಿ ಉಳಿಸೋ ದುಡ್ಡನ್ನ ದಾರಿಗೆ ಸುರಿಯೋಕಾಗಲ್ಲ ಅಕ್ಕ. ನಮ್ಮಂಥೋರಿಗೆ ಬೇಕಿರೋದು ಶಿಫ್ಟ್ ಬಿಡೋ ಹೊತ್ತಿಗೆ ಎರಡು ಬಸ್ಸು ಜಾಸ್ತಿ. ನೀವು ಮನೆ ನೋಡೋವಾಗ ಮೆಟ್ರೋ ಜೊತೆ ಬಸ್ ಸ್ಟಾಪೂ ನೋಡಿ. ಒಂದು ದಿನ ರೈಲು ಕೆಟ್ಟು ನಿಂತ್ರೂ ನಿಮ್ಮನ್ನ ಮನೆಗೆ ತಲುಪಿಸೋದು ಅದೇ.

ತುಮಕೂರು ಪಾಸ್

ಇಷ್ಟು ಹೊತ್ತಾದ್ರೂ ರೈಲಿನ ಮಾತು ಯಾರೂ ಎತ್ತಲಿಲ್ವಲ್ಲ.

ನಾವು ಒಂದು ದೊಡ್ಡ ಗುಂಪೇ ತುಮಕೂರಿಂದ ದಿನಾ ಬೆಂಗಳೂರಿಗೆ ಓಡಾಡ್ತೀವಿ. ಸುಮಾರು 70 ಕಿಲೋಮೀಟರ್. ತಿಂಗಳ ಪಾಸು, ಯಶವಂತಪುರದಲ್ಲಿ ಇಳಿದ್ರೆ ಪಕ್ಕದಲ್ಲೇ ಮೆಟ್ರೋ. ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಾರಲ್ಲಿ ಹೋಗೋರಿಗಿಂತ ನಾವು ಎಷ್ಟೋ ದಿನ ಮೊದಲೇ ಆಫೀಸು ಸೇರಿರ್ತೀವಿ. ಬೋಗಿಯಲ್ಲಿ ನಮ್ಮದೇ ಒಂದು ಸಂಸಾರ. ಯಾರ ಮಗಳಿಗೆ ಗಂಡು ಗೊತ್ತಾಯ್ತು, ಯಾರಿಗೆ ವರ್ಗ ಆಯ್ತು, ಎಲ್ಲ ಹಿರೇಹಳ್ಳಿ, ದೊಡ್ಡಬೆಲೆ ದಾಟೋ ಅಷ್ಟರಲ್ಲಿ ತೀರ್ಮಾನ. ಕಷ್ಟ ಇಲ್ಲ ಅಂತಲ್ಲ. ಒಂದು ಗಾಡಿ ತಪ್ಪಿದ್ರೆ ಇಡೀ ದಿನದ ಲೆಕ್ಕ ಕೆಡುತ್ತೆ, ಕ್ರಾಸಿಂಗ್‌ಗೆ ನಿಲ್ಲಿಸಿದ್ರೆ ಕೇಳೋ ಹಾಗಿಲ್ಲ. ಆದ್ರೆ ಸಂಜೆ ಮನೆ ಮುಟ್ಟಿದಾಗ ಅಪ್ಪ ಅಮ್ಮ, ಹಿತ್ತಲ ತೆಂಗು, ಸ್ವಂತ ಬಾವಿ ಇರ್ತವೆ. ಅದಕ್ಕೋಸ್ಕರ ಇಷ್ಟು ತಾಳಬಹುದು ಅಂತ ನನ್ನ ನಂಬಿಕೆ.

ಅಂದಹಾಗೆ ಚಂದಾಪುರದಲ್ಲಿ ಬಿಲ್ಡರ್‌ಗಳು ‘ಸಬರ್ಬನ್ ರೈಲು ಐದು ನಿಮಿಷ’ ಅಂತ ಬೋರ್ಡು ಹಾಕಿರ್ತಾರೆ, ಮೇಡಂ ಹುಷಾರು. ಉಪನಗರ ರೈಲು ಯೋಜನೆಗೆ ಶಂಕುಸ್ಥಾಪನೆ ಆಗಿದ್ದು 2022ರ ಜೂನ್‌ನಲ್ಲಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್. ಅದರಲ್ಲಿ ಕನಕ ಮಾರ್ಗ ಚಂದಾಪುರದ ಪಕ್ಕದ ಹೀಲಲಿಗೆಯಿಂದ ರಾಜಾನುಕುಂಟೆಗೆ. ಬಂದ ದಿನ ನನಗಿಂತ ಖುಷಿ ಪಡೋರು ಯಾರೂ ಇಲ್ಲ. ಆದ್ರೆ ಇನ್ನೂ ಓಡದ ರೈಲಿನ ಲೆಕ್ಕದಲ್ಲಿ ಇವತ್ತು ಸಾಲ ಮಾಡ್ಬೇಡಿ.

ಸೊಪ್ಪು ಸದೆ

ಊಟ ತಿಂಡಿ ವಿಷಯಕ್ಕೆ ಬರ್ತೀನಿ, ಅದು ಸಣ್ಣ ಮಾತಲ್ಲ.

ಸಂಪಿಗೆ ರಸ್ತೆ ಸರ್, ಊರಾಚೆ ಊಟ ಇಲ್ಲ ಅನ್ನೋ ಹಾಗಿದೆ ನಿಮ್ಮ ಮಾತು. ನಾನು ಬಿಡದಿ ಹತ್ರ ಇರೋಳು. ಬೆಳಿಗ್ಗೆ ಹಬೆಪೆಟ್ಟಿಗೆಯಿಂದ ತೆಗೆದ ತಟ್ಟೆ ಇಡ್ಲಿ ಎಲೆ ಮೇಲೆ ಬಿದ್ರೆ ಅಂಚು ನಡುಗುತ್ತೆ. ಮೇಲೆ ಒಂದು ಉಂಡೆ ಬೆಣ್ಣೆ, ಅದು ಕರಗಿ ಇಡ್ಲಿಯ ಸಣ್ಣ ತೂತುಗಳಿಗೆ ಇಳಿಯೋ ಅಷ್ಟರಲ್ಲಿ ಚಟ್ನಿ ಬರುತ್ತೆ. ಅದನ್ನ ಪಾರ್ಸೆಲ್ ಮಾಡಿ ಗಾಂಧಿ ಬಜಾರಿಗೆ ತಂದ್ರೆ ಅದೇ ರುಚಿ ಸಿಗಲ್ಲ. ಅವರೆ ಕಾಲದಲ್ಲಿ ಮಾಗಡಿ ಕಡೆ ಸೊಗಡವರೆ, ಇಬ್ಬನಿ ಆರೋಕೆ ಮುಂಚೆ ಕಿತ್ತದ್ದು, ರಸ್ತೆ ಬದೀಲಿ ರಾಶಿ. ಕೈಗೆ ತಗೊಂಡ್ರೆ ಎಣ್ಣೆ ಎಣ್ಣೆ ಅಂಟುತ್ತೆ, ಆ ವಾಸನೆಯೇ ಸಾಕು. ದಂಟು, ಕೀರೆ, ಸಬ್ಬಸಿಗೆ ಹೊಲದವರೇ ತಂದು ಮಾರ್ತಾರೆ. ನಿಮ್ಮ ಊರೊಳಗೆ ಬರೋ ಹೊತ್ತಿಗೆ ಅದು ಎರಡು ಲಾರಿ, ಮೂರು ಕೈ ದಾಟಿರುತ್ತೆ.

ಹೊಸಕೋಟೆ ಕಡೆಯೋರು ಭಾನುವಾರ ಬೆಳಗಿನ ಜಾವಕ್ಕೇ ಬಿರಿಯಾನಿಗೆ ಸಾಲು ನಿಲ್ತಾರೆ, ಊರೊಳಗಿಂದ ಕಾರು ತಗೊಂಡು ಜನ ಅಲ್ಲಿಗೆ ಹೋಗ್ತಾರೆ. ದೇವನಹಳ್ಳಿ ಚಕ್ಕೋತಕ್ಕೆ ಆ ಊರಿನದೇ ಬೆಳೆ ಅನ್ನೋ ಜಿಐ ಮಾನ್ಯತೆ ಇದೆ. ಇವೆಲ್ಲ ಬೆಂಗಳೂರಿನದೇ ಊಟ.

ತುಮಕೂರು ಪಾಸ್

ಬಿಡದಿ ಅಕ್ಕ, ತಟ್ಟೆ ಇಡ್ಲಿ ಅಂದ್ರೆ ನಮ್ಮ ತುಮಕೂರು ಪಕ್ಕದ ಕ್ಯಾತ್ಸಂದ್ರ. ಅಷ್ಟು ಹೇಳಿ ಸುಮ್ಮನಾಗ್ತೀನಿ.

ಸಂಪಿಗೆ ರಸ್ತೆ

ಸೊಪ್ಪು ಸದೆ ಅವರೇ, ನಿಮ್ಮ ಅವರೆಕಾಯಿ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಾನು ಹೇಳಿದ್ದು ರುಚಿಯ ಬಗ್ಗೆ ಅಲ್ಲಮ್ಮ, ನಡೆದು ಹೋಗಿ ತಿನ್ನೋದರ ಬಗ್ಗೆ. 1943ರಿಂದ ಇರೋ ವಿದ್ಯಾರ್ಥಿ ಭವನಕ್ಕೆ ದೋಸೆ ತಿನ್ನೋಕೆ ಬರೋ ಅಕ್ಕಪಕ್ಕದ ವಯಸ್ಸಾದೋರನ್ನ ನೋಡಿ. ಕೋಲೂರಿಕೊಂಡು ಒಬ್ಬರೇ ಬರ್ತಾರೆ, ದೋಸೆ ತಿಂದು ಒಬ್ಬರೇ ಹೋಗ್ತಾರೆ. ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಗೂ ಹಾಗೇ. ಹೊರವಲಯದಲ್ಲಿ ಇಡ್ಲಿ ಅಂಗಡಿ ಹೆದ್ದಾರಿ ಪಕ್ಕ ಇರುತ್ತೆ. ಗಾಡಿ ಓಡಿಸೋಕೆ ಬಾರದ ಅತ್ತೆಯನ್ನ ಅಲ್ಲಿಗೆ ಯಾರು ಕರ್ಕೊಂಡು ಹೋಗ್ಬೇಕು?

ಸೊಪ್ಪು ಸದೆ

ಅದು ನಿಜ ಸರ್. ನಮ್ಮತ್ತೆ ಮನೆಯಿಂದ ಹೊರಗೆ ಕಾಲಿಡೋದು ನಾವು ಕಾರು ತೆಗೆದ ದಿನ ಮಾತ್ರ. ಬಸವನಗುಡಿಯಲ್ಲಿದ್ದಾಗ ಹಾಗಿರಲಿಲ್ಲ ಅವರು.

ಡೊಂಬಿವಲಿ ಕನ್ನಡಿಗ

ಮುಂಬಯಿ ಕಡೆಯಿಂದ ನಾಕು ಮಾತು. ನಮ್ಮ ಮೂಲ ವಿಜಯಪುರ, ಈಗ ಎರಡು ತಲೆಮಾರಿನಿಂದ ಡೊಂಬಿವಲಿ. ಇಲ್ಲಿ ಕನ್ನಡದವರು ಭಾಳ ಮಂದಿ ಇದ್ದೀವಿ.

ಸಬರ್ಬನ್ ರೈಲು ಬಂದ್ರ ಎಲ್ಲಾ ಸರಿ ಆಗ್ತದ ಅಂತ ತಿಳಿಬ್ಯಾಡ್ರಿ. ನಮ್ಮ ಲೋಕಲ್‌ನ್ಯಾಗ ಮುಂಜಾನೆ ಒಳಗ ಹೋಗೂದೇ ಒಂದು ಯುದ್ಧ. 2025ರ ಜೂನ್‌ದಾಗ ಮುಂಬ್ರಾ ಹತ್ರ ಲೋಕಲ್‌ನಿಂದ ಬಿದ್ದು ಮಂದಿ ಸತ್ತರು. ಬಾಗಲಾ ಹಿಡದು ಜೋತಾಡೂ ಮಕ್ಕಳನ್ನ ಕಂಡ್ರ ಇವತ್ತಿಗೂ ಕರಳು ಕಿತ್ತು ಬರ್ತದ.

ಆದ್ರ ಒಂದು ಮಾತಿನ್ಯಾಗ ನಿಮ್ಮ ಹೊಸ ಬಡಾವಣೆಗಿಂತ ನಮ್ಮೂರು ಛಲೋ ಅದರೀ. ಸ್ಟೇಷನ್ನೇ ಊರಿನ ನಡು. ಸೇತುವೆ ಇಳದು ಹೊರಗ ಬಂದ್ರ ಕಾಯಿಪಲ್ಯ, ಹೂವು, ಹಿಟ್ಟಿನ ಗಿರಣಿ, ಔಷಧದ ಅಂಗಡಿ, ಖಾನಾವಳಿ ಎಲ್ಲಾ ಅಲ್ಲೇ. ರಾತ್ರಿ ಹನ್ನೊಂದಕ್ಕ ಹೆಣ್ಣುಮಕ್ಕಳು ಒಬ್ಬರೇ ಇಳದು ಪಲ್ಯಾ ತಗೊಂಡು ನಡಕೋತ ಮನಿಗೆ ಹೋಗ್ತಾರ, ಯಾಕಂದ್ರ ದಾರಿ ತುಂಬ ಮಂದಿ, ದೀಪ. ಕೆಂಗೇರಿ ಅಣ್ಣ ಬರದ ಆ ಕತ್ತಲ ದಾರಿ ಓದಿ ಬ್ಯಾಸರ ಆತು. ಸ್ಟೇಷನ್ ಸುತ್ತ ಅಂಗಡಿ ಕೂಡಲಿಕ್ಕೆ ಜಾಗ ಕೊಟ್ರ ಅರ್ಧ ಕತ್ತಲಿ ತಾನೇ ಹೋಗ್ತದರೀ.

ಸರ್ಜಾಪುರ ರಸ್ತೆ

ನೀರಿನ ವಿಷಯ ಇನ್ನೂ ಯಾರೂ ಎತ್ತಿಲ್ಲ.

2024ರ ಮಾರ್ಚ್ ನೆನಪಿದೆಯಾ? ನಮ್ಮ ಅಪಾರ್ಟ್‌ಮೆಂಟಿನ ಬೋರ್‌ಗಳು ಬತ್ತಿ, ರಾತ್ರಿ ಎರಡಕ್ಕೆ ಟ್ಯಾಂಕರ್ ಹಾರ್ನ್ ಕೇಳಿದ್ರೆ ಎದ್ದು ಓಡ್ತಿದ್ವಿ. ದರ ಕೈಮೀರಿದಾಗ ಜಿಲ್ಲಾಡಳಿತವೇ ಮಿತಿ ಹಾಕ್ತು, 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ. ಮಕ್ಕಳಿಗೆ ಶಾಲೆಗೆ ಹೋಗೋಕೆ ಮುಂಚೆ ಒಂದೊಂದು ಬಕೆಟ್. ಅದೇ ಹೊತ್ತಲ್ಲಿ ನಮ್ಮಕ್ಕನ ಮನೆ ಬನಶಂಕರಿಯಲ್ಲಿ ಕಾವೇರಿ ಬಿಟ್ಟ ದಿನ ಸಂಪು ತುಂಬ್ತಿತ್ತು.

2024ರ ಅಕ್ಟೋಬರ್ 16ಕ್ಕೆ ಕಾವೇರಿ 5ನೇ ಹಂತ ಶುರುವಾಯ್ತು, ದಿನಕ್ಕೆ 775 ದಶಲಕ್ಷ ಲೀಟರ್. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಅಂತಲೇ ಮಾಡಿದ ಯೋಜನೆ ಅದು. ಈಗ ಗಮನ ಕೊಡಿ ಮೇಡಂ: ಚಂದಾಪುರ, ಬೊಮ್ಮಸಂದ್ರ, ಹೆಬ್ಬಗೋಡಿ ಆ 110ರಲ್ಲಿ ಬರಲ್ಲ. ಅವು ಆನೇಕಲ್ ತಾಲ್ಲೂಕಿನ ಬೇರೆ ಪುರಸಭೆ, ನಗರಸಭೆಗಳು. ಹಾಗಾಗಿ ಮನೆಗೆ ನೀರು ಎಲ್ಲಿಂದ ಬರುತ್ತೆ, ಬೋರ್ ಎಷ್ಟು ಆಳ, ಕಳೆದ ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದ್ರಾ ಅಂತ ಮಾರೋರನ್ನ ಕೇಳ್ಬೇಡಿ, ಕೆಳಗಿನ ಮನೆ ಬಾಡಿಗೆಯವರನ್ನ ಕೇಳಿ. ಆಸ್ತಿ ಖಾತೆ ಎ ನೋ (ಎಲ್ಲ ಅನುಮತಿ ಸರಿ ಇರೋದು) ಬಿ ನೋ (ಇಲ್ಲದ್ದು) ಅನ್ನೋದು ಪಾಲಿಕೆ ಒಳಗಿನ ಮನೆಗೂ ನೋಡಲೇಬೇಕು.

ಗವೀಪುರದವಳು

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಕೆಂಗೇರಿ ಸರ್ ಹೇಳಿದ ಹಾಗೆ ವಾರದ ದಿನ ಸಂಜೆ ಹೋಗಿ ಬಂದ್ವಿ. ಮೆಟ್ರೋ ಬೊಮ್ಮಸಂದ್ರಕ್ಕೆ ಮುಗೀತು. ಚಂದಾಪುರ ಅಲ್ಲಿಂದ ಹೊಸೂರು ರಸ್ತೆಯಲ್ಲಿ ಇನ್ನೂ ಮುಂದೆ. ಷೇರ್ ಆಟೋದಲ್ಲಿ ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡೆ, ಹೆದ್ದಾರಿ ಪಕ್ಕ ಇಳಿಸಿದ್ರು, ಲಾರಿಗಳ ಮಧ್ಯೆ ಅವಳ ಕೈ ಬಿಡೋಕೇ ಭಯ. ಫ್ಲಾಟು ಚೆನ್ನಾಗಿತ್ತು, ಗಾಳಿ ಬೆಳಕು ಎಲ್ಲ ಇತ್ತು. ಆದ್ರೆ ಯಜಮಾನರು ಫ್ಯಾಕ್ಟರಿಗೆ ಹತ್ತೇ ನಿಮಿಷದಲ್ಲಿ ಹೋಗ್ತಾರೆ, ನಾನು, ಮಗಳು ದಿನಾ, ಅತ್ತೆ ಆಗಾಗ ಈ ದಾರಿ ಸವೆಸ್ಬೇಕು. ಅದನ್ನ ಅವರೇ ನೋಡಿ ವಾಪಸ್ ಬರ್ತಾ ಸುಮ್ಮನೆ ಕೂತಿದ್ರು.

ಕೆಂಗೇರಿ ಕಡೆಯವ

ಮೇಡಂ, ಹಳದಿ ಮಾರ್ಗದ ಪಟ್ಟಿ ಮುಂದೆ ಇಟ್ಕೊಂಡು ನೋಡ್ತಿದ್ದೆ. ಒಟ್ಟು 16 ಸ್ಟೇಷನ್. ಯಾಕೆ ಕೊನೆಗೇ ಹೋಗ್ಬೇಕು? ಸಿಂಗಸಂದ್ರದಿಂದ ಆರ್.ವಿ. ರೋಡು ಎಂಟನೇ ಸ್ಟೇಷನ್, ಬೊಮ್ಮಸಂದ್ರ ಏಳನೇದು. ಹೆಚ್ಚು ಕಡಿಮೆ ನಟ್ಟನಡುವೆ. ನೀವು ಆರ್.ವಿ. ರೋಡಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದ್ರೆ ನ್ಯಾಷನಲ್ ಕಾಲೇಜ್ ಸ್ಟೇಷನ್‌ಗೇ ಇಳೀತೀರಿ. ಅತ್ತೆಯವರ ಜಯದೇವ ಆಸ್ಪತ್ರೆ ಸ್ಟೇಷನ್ ಅದೇ ಹಳದಿ ಮಾರ್ಗದಲ್ಲಿ, ಗಾಡಿ ಬದಲಾಯಿಸೋ ಹಾಗೇ ಇಲ್ಲ. ಶುರುವಾದಾಗ 25 ನಿಮಿಷಕ್ಕೊಂದು ರೈಲಿತ್ತು, ಹೊಸ ರೈಲು ಸೇರಿದ ಹಾಗೆ ಕಾಯೋದು ಕಡಿಮೆ ಆಗಿದೆ.

ಸರ್ಜಾಪುರ ರಸ್ತೆ

ಸಿಂಗಸಂದ್ರ, ಕೂಡ್ಲು ಗೇಟ್ ಕಡೆ ಪಾಲಿಕೆ ವ್ಯಾಪ್ತಿಯೇ. ಆದ್ರೂ ಬೀದಿ ಬೀದಿಗೂ ವ್ಯತ್ಯಾಸ ಇರುತ್ತೆ, ಕಾವೇರಿ ಕನೆಕ್ಷನ್ ಮನೆಯೊಳಗೆ ಬಂದಿದೆಯಾ, ಬರೀ ರಸ್ತೇಲಿ ಪೈಪ್ ಹೂತಿದ್ದಾರಾ ನೋಡ್ಕೊಳ್ಳಿ. ನೀರಿನ ಬಿಲ್ ತೋರಿಸಿ ಅನ್ನಿ, ಮುಲಾಜು ಬೇಡ.

ಪೀಣ್ಯ ಶಿಫ್ಟ್

ಹೊಸೂರು ರೋಡಲ್ಲಿ 356 ಸೀರೀಸ್ ಬಸ್ಸು ಓಡ್ತವೆ ಅಕ್ಕ. ಶಕ್ತಿ ಇರೋದ್ರಿಂದ ನಿಮಗೂ ಅತ್ತೆಗೂ ಅದು ಉಚಿತ. ಸ್ಟಾಪಿಂದ ಮನೆ ಹತ್ತಿರ ಇರಲಿ.

ಸಂಪಿಗೆ ರಸ್ತೆ

ಹಳೇ ಊರಿನ ಭಾಗದಲ್ಲಿ ನೋಡಿ ತಂಗಿ, ಹೊಸ ಲೇಔಟ್ ಕಡೆ ಅಲ್ಲ. ಈಗ ಬೆಂಗಳೂರು ನುಂಗಿರೋ ಹಳ್ಳಿಗಳಿಗೆಲ್ಲ ಒಂದು ಅರಳಿಕಟ್ಟೆ, ಒಂದು ಗುಡಿ, ನಾಲ್ಕು ಅಂಗಡಿ ಇದ್ದೇ ಇರುತ್ತೆ. ನಿಮ್ಮತ್ತೆ ಸಂಜೆ ಕೂರೋಕೆ ಅದು ಸಾಕು.

ಗವೀಪುರದವಳು

ಯಜಮಾನರು ಒಪ್ಪಿದ್ರು. ಸದ್ಯ ಕೊಳ್ಳೋದು ಬೇಡ, ಕೂಡ್ಲು ಗೇಟ್, ‘ಹೊಸ ರೋಡ್’ ಸ್ಟೇಷನ್‌ಗಳ ಮಧ್ಯೆ ಬಾಡಿಗೆ ಮನೆ ಹಿಡಿದು ಒಂದು ಬೇಸಿಗೆ, ಒಂದು ಮಳೆಗಾಲ ನೋಡ್ತೀವಿ. ಎರಡು ರೂಮು, ನೆಲಮಹಡಿ, ಕಾವೇರಿ ನೀರು, ಸ್ಟೇಷನ್ನಿಗೆ ಅತ್ತೆ ನಡೆಯೋ ಅಷ್ಟು ದೂರ. ಮಾರ್ಚ್ ಕೊನೆಗೆ ಬೇಕು. ಆ ಕಡೆ ಯಾರಾದ್ರೂ ಇದ್ದೀರಾ?

ಹೊಂಗಸಂದ್ರ

ನಾನಿದ್ದೀನಿ ಮೇಡಂ. ನಮ್ಮ ಚಿಕ್ಕಮ್ಮನ ಕೆಳಗಿನ ಮನೆ ಫೆಬ್ರವರಿಗೆ ಖಾಲಿ ಆಗುತ್ತೆ, ಕೂಡ್ಲು ಗೇಟ್ ಸ್ಟೇಷನ್ನಿಂದ ಒಳಗೆ ಎರಡನೇ ತಿರುವು. ದಾರೀಲಿ ದೀಪ ಇದೆ, ಕೆಳಗೆ ಸೊಪ್ಪಿನ ಗಾಡಿ ಬೆಳಿಗ್ಗೆ ಸಂಜೆ ಬರುತ್ತೆ. ಕಾವೇರಿ ವಾರಕ್ಕೆ ಎಷ್ಟು ದಿನ ಬಿಡ್ತಾರೆ ಅಂತ ಚಿಕ್ಕಮ್ಮನ್ನ ಕೇಳಿ ನಾಳೆ ಬರೀತೀನಿ. ನೀವು ಒಂದು ದಿನ ಸಂಜೆ ಅತ್ತೆಯವರನ್ನೂ ಕರ್ಕೊಂಡು ಬನ್ನಿ.